ಮೂರನೇ ತರಗತಿಯ ಪ್ರಶ್ನೆ ಹಗ್ಗ

(ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ, ವರ್ಷದ ಕೊನೆಯ ಪೋಷಕರ ಸಭೆಯಲ್ಲಿ ಮೂರನೇ ತರಗತಿಯ ಶಿಕ್ಷಕಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಜಮಖಾನದ ಮೇಲೆ ಇನ್ನೂ ಜಾಗ ಇದೆ. ಹೊಲದ ಕೆಲಸ, ರೇಷ್ಮೆ ಹುಳದ ಕೆಲಸ ಬಿಟ್ಟು ಬಂದಿದ್ದೀರಿ. ಜಾಸ್ತಿ ಹೊತ್ತು ಕೂರಿಸುವುದಿಲ್ಲ.

ಪ್ರಗತಿ ಪತ್ರಗಳು ಮೇಜಿನ ಮೇಲಿವೆ. ನಿಮ್ಮ ಕಣ್ಣು ಅತ್ತಲೇ ಹೋಗುತ್ತಿರುವುದು ನನಗೂ ಕಾಣುತ್ತಿದೆ. ಕೊನೆಗೆ ಕೊಡುತ್ತೇನೆ. ಮೊದಲು ಒಂದು ದೂರಿನ ವಿಷಯ ಮಾತಾಡೋಣ. ಫೆಬ್ರವರಿಯಿಂದ ಈಚೆಗೆ ಗೇಟಿನ ಹತ್ತಿರ ಸಿಕ್ಕವರೆಲ್ಲ ಕೇಳಿದ್ದು ಒಂದೇ: “ಮಿಸ್, ಮೂರನೇ ಕ್ಲಾಸಿನವರು ಯಾವಾಗ ನೋಡಿದ್ರೂ ಹೊರಗೇ ಇರ್ತಾರಲ್ಲ, ಪಾಠ ಯಾವಾಗ?” ಒಬ್ಬ ತಾತ ಇನ್ನೂ ಖಾರವಾಗಿ ಕೇಳಿದರು: “ಬಿಸಿಲಲ್ಲಿ ಕೋಲು ನೆಟ್ಕೊಂಡು ಕೂರೋಕೆ ಸ್ಕೂಲು ಯಾಕವ್ವಾ? ನಮ್ಮ ಹೊಲದಲ್ಲೇ ಕೂರ್ತಾವೆ.” ಕೇಳಿದ್ದರಲ್ಲಿ ನ್ಯಾಯ ಇದೆ. ಮಕ್ಕಳನ್ನು ನಮ್ಮ ಕೈಗೆ ಕೊಟ್ಟಿದ್ದೀರಿ, ಲೆಕ್ಕ ಕೇಳಲೇಬೇಕು. ಇವತ್ತು ಆ ಲೆಕ್ಕ ಒಪ್ಪಿಸುತ್ತೇನೆ.

ಇಲ್ಲಿ ಗೋಡೆಯ ಈ ತುದಿಯಿಂದ ಆ ತುದಿಗೆ ಒಂದು ಹಗ್ಗ ಕಟ್ಟಿದ್ದೇವೆ, ನೋಡಿದಿರಾ? ಬಟ್ಟೆ ಒಣಗಿಸುವ ಹಗ್ಗವೇ. ಕ್ಲಿಪ್ಪುಗಳಲ್ಲಿ ಚೀಟಿಗಳು ನೇತಾಡುತ್ತಿವೆ. ಮಕ್ಕಳಿಗೆ ಏನಾದರೂ ಪ್ರಶ್ನೆ ಬಂದರೆ ಬರೆದು ಅಲ್ಲಿ ಸಿಕ್ಕಿಸುತ್ತಾರೆ. ನಿಯಮ ಒಂದೇ. ಸಿಕ್ಕಿಸಿದ ದಿನ ಯಾರೂ ಉತ್ತರ ಹೇಳುವ ಹಾಗಿಲ್ಲ, ನಾನೂ ಸೇರಿ. ಮೊದಲು ಹೋಗಿ ನೋಡಬೇಕು, ಅಳೆಯಬೇಕು, ಯಾರನ್ನಾದರೂ ಕೇಳಬೇಕು. ಉತ್ತರ ಸಿಕ್ಕ ಮೇಲೆ ಚೀಟಿಯ ಹಿಂದೆ ಅವರೇ ಬರೆಯಬೇಕು. ದೊಡ್ಡವರಾದ ನಮಗೆ ಒಂದು ಚಪಲ ಇದೆ. ಮಗು “ಯಾಕೆ” ಅನ್ನುವುದರೊಳಗೆ ಉತ್ತರ ಕೊಟ್ಟುಬಿಡುತ್ತೇವೆ. ಇಲ್ಲಾಂದ್ರೆ ಮೊಬೈಲ್ ತೆಗೆದು ಅದರ ಕೈಲಿ ಹೇಳಿಸುತ್ತೇವೆ. ಅಲ್ಲಿಗೆ ಪ್ರಶ್ನೆ ಸತ್ತಿತು. ಎಂಟು ವರ್ಷದ ಮಗು ಒಂದು ಪ್ರಶ್ನೆಯನ್ನು ವಾರಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ಓಡಾಡಬಲ್ಲದು. ಅಷ್ಟು ತಾಳ್ಮೆ ನಮಗೇ ಇಲ್ಲ ಅಷ್ಟೇ.

ಈಗ ಆ ಕೋಲಿನ ವಿಷಯ. ತಾತ ಬಂದಿದ್ದಾರೆ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಆಟದ ಮೈದಾನದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆವು. ನೆರಳಿನ ತುದಿಗೆ ಕಲ್ಲು ಇಡುತ್ತಾ ಹೋಗುವುದು, ಯಾವ ಹೊತ್ತಿಗೆ ನೆರಳು ಎಲ್ಲಕ್ಕಿಂತ ಗಿಡ್ಡ ಅಂತ ನೋಡುವುದು, ಟೇಪಿನಲ್ಲಿ ಅಳೆದು ಬರೆಯುವುದು. ಇಷ್ಟೇ ಕೆಲಸ. “ಹನ್ನೆರಡು ಗಂಟೆಗೆ ಸೂರ್ಯ ನೆತ್ತಿ ಮೇಲೆ ಬರ್ತಾನೆ” ಅಂತ ಮಕ್ಕಳೆಲ್ಲ ಮನೆಯಿಂದ ಕಲಿತು ಬಂದಿದ್ದರು. ನಾವೂ ಹಾಗೇ ಹೇಳುತ್ತೇವಲ್ವಾ? ಹನ್ನೆರಡಾಯಿತು. ನೆರಳು ಇನ್ನೂ ಕುಗ್ಗುತ್ತಲೇ ಇತ್ತು. ಹನ್ನೆರಡು ಕಾಲಾಯಿತು, ಇನ್ನೂ ಕುಗ್ಗುತ್ತಿತ್ತು. ಹನ್ನೆರಡೂವರೆ ದಾಟಿದ ಮೇಲೆ ಹೋಗಿ ನಿಂತಿತು. ನಿಂತ ಮೇಲೂ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಇತ್ತು. ಅಂದರೆ ಸೂರ್ಯ ನೆತ್ತಿ ಮೇಲೆ ಬರಲೇ ಇಲ್ಲ. ಒಬ್ಬಳು ಹುಡುಗಿ ನನ್ನ ಕೈ ಹಿಡಿದು ನೋಡಿ, “ಮಿಸ್, ನಿಮ್ಮ ವಾಚು ಮುಂದೆ ಓಡ್ತಿದೆ” ಅಂದಳು. ಆಫೀಸು ರೂಮಿನ ಗಡಿಯಾರ ನೋಡಿಕೊಂಡು ಬಂದರು. ಬಿಸಿಯೂಟದ ಅಕ್ಕನ ಮೊಬೈಲ್ ನೋಡಿದರು. ಎಲ್ಲ ಒಂದೇ ಟೈಮು ತೋರಿಸುತ್ತಿತ್ತು. ಚೀಟಿ ಹಗ್ಗಕ್ಕೆ ಹೋಯಿತು: “ಗಡಿಯಾರಕ್ಕೂ ಸೂರ್ಯನಿಗೂ ಯಾಕೆ ಜಗಳ?”

ಆ ಚೀಟಿ ಬಹಳ ದಿನ ಅಲ್ಲೇ ಇತ್ತು. ಒಬ್ಬ ಹುಡುಗ ಹೈಸ್ಕೂಲಿಗೆ ಹೋಗುವ ತನ್ನ ಅಣ್ಣನನ್ನು ಕೇಳಿಕೊಂಡು ಬಂದ. ಇಡೀ ದೇಶಕ್ಕೆ ಒಂದೇ ಗಡಿಯಾರ. ಅದನ್ನು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಗೆ ಹೊಂದಿಸಿದ್ದಾರೆ. ನಾವು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 77 ಡಿಗ್ರಿಯಲ್ಲಿದ್ದೇವೆ. ಒಂದೊಂದು ಡಿಗ್ರಿ ದಾಟೋದಕ್ಕೆ ಸೂರ್ಯನಿಗೆ 4 ನಿಮಿಷ ಬೇಕು. ಹಾಗಾಗಿ ನಮ್ಮೂರಿನ ನಡುಮಧ್ಯಾಹ್ನ ಇಪ್ಪತ್ತು ನಿಮಿಷಕ್ಕೂ ಹೆಚ್ಚು ತಡ. ಫೆಬ್ರವರಿಯಲ್ಲಿ ಇನ್ನೂ ಸ್ವಲ್ಪ ತಡ. ಡಿಗ್ರಿ, ರೇಖೆ ಎಲ್ಲ ಮೂರನೇ ತರಗತಿಗೆ ಭಾರ, ಒಪ್ಪುತ್ತೇನೆ. ಆದರೆ ಚೆಂಡು, ಟಾರ್ಚು ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ತಿರುಗಿಸಿ ತೋರಿಸಿದಾಗ ಅವರೇ ಹೇಳಿದರು: “ಮಿರ್ಜಾಪುರಕ್ಕೆ ಮೊದಲು ಬಿಸಿಲು ಬಂದು ಆಮೇಲೆ ನಮ್ಮೂರಿಗೆ ಬರುತ್ತೆ.” ಇದಕ್ಕಿಂತ ಹೆಚ್ಚು ಅವರಿಗೆ ಈಗ ಬೇಕಾಗಿಲ್ಲ.

ಕೋಲನ್ನು ಅಲ್ಲಿಗೇ ಬಿಡಲಿಲ್ಲ. ಮಧ್ಯಾಹ್ನದ ನೆರಳನ್ನು ಆಗಾಗ ಅಳೆಯುತ್ತಾ ಬಂದೆವು. ಮಾರ್ಚ್ 21ರ ಸುಮಾರಿಗೆ ಅದು 22 ಸೆಂಟಿಮೀಟರ್, ನನ್ನ ಕೈಯ ಒಂದು ಗೇಣು. ಈಗ ಅದರ ಅರ್ಧವೂ ಇಲ್ಲ. ಇದರಲ್ಲಿ ಗಣಿತ ಎಷ್ಟಿದೆ ನೋಡಿ. ಅಳತೆ, ಕಳೆಯುವುದು, ಪಟ್ಟಿ ಮಾಡುವುದು, ಗಂಟೆ ನೋಡುವುದು. ಗಡಿಯಾರದ ಪಾಠ ನಾನು ಬೇರೆ ಮಾಡಲೇ ಇಲ್ಲ. ನೆರಳು ಯಾವಾಗ ನಿಲ್ಲುತ್ತೆ ಅಂತ ತಿಳಿಯಬೇಕಲ್ಲ, ನಿಮಿಷದ ಮುಳ್ಳು ಓದುವುದನ್ನು ತಾವೇ ಕಲಿತರು.

ಎರಡನೆಯದು ಆಲೆಮನೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. “ದಿನಾ ನೋಡೋ ಆಲೆಮನೆಗೆ ಪ್ರವಾಸಾನಾ?” ಅಂತ ನಕ್ಕವರೂ ಇದ್ದಾರೆ. ದಿನಾ ನೋಡುವುದರಿಂದಲೇ ಕರೆದುಕೊಂಡು ಹೋಗಿದ್ದು. ನಮ್ಮ ಮಕ್ಕಳು ಕಬ್ಬಿನ ಲಾರಿಯ ಹಿಂದೆ ಓಡಿ ಜಲ್ಲೆ ಎಳೆದುಕೊಂಡಿದ್ದಾರೆ, ಬಿಸಿ ಬೆಲ್ಲ ತಿಂದಿದ್ದಾರೆ. ಆದರೆ ಗಾಣದಿಂದ ಅಚ್ಚಿನ ತನಕ ಒಂದೇ ಕಡೆ ನಿಂತು ಪೂರ್ತಿ ನೋಡಿದವರು ಬಹಳ ಕಮ್ಮಿ.

ಅವತ್ತು ನೋಡಿದರು. ಗಾಣದಿಂದ ಕಬ್ಬಿನ ಹಾಲು ಇಳಿಯಿತು, ಹಸಿರು ಮಿಶ್ರಿತ ಬೂದು ಬಣ್ಣ. ಕೊಪ್ಪರಿಗೆಗೆ ಬಿತ್ತು. ಕೆಳಗೆ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ತುಂಬುತ್ತಿದ್ದರು. ಕಾದಂತೆ ಮಡ್ಡಿ ಮೇಲೆ ಬಂತು, ಸುಣ್ಣದ ನೀರು ಹಾಕಿದರು, ಜಾಲರಿ ಸೌಟಿನಲ್ಲಿ ತೆಗೆದರು. ಹಿಂದೆಲ್ಲ ಮಡ್ಡಿ ತೆಗೆಯುವುದಕ್ಕೆ ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು ಅಂತ ಅಲ್ಲಿದ್ದ ಹಿರಿಯರು ಹೇಳಿದರು. ಬೆಂಡೆಕಾಯಿ ಲೋಳೆ ಅಂದರೆ ಮೂಗು ಮುರಿಯುವ ಮಕ್ಕಳಿಗೆ ಇದು ದೊಡ್ಡ ಸುದ್ದಿ. ಆಮೇಲೆ ನೊರೆ ಬಣ್ಣ ತಿರುಗಿತು, ಗುಳ್ಳೆಗಳು ದಪ್ಪಗಾದವು. ಪಾಕ ಬಂತೋ ಇಲ್ಲವೋ ನೋಡುವುದಕ್ಕೆ ಅವರು ಥರ್ಮಾಮೀಟರ್ ಹಿಡಿಯಲಿಲ್ಲ. ಒಂದು ಚೂರು ಪಾಕ ತೆಗೆದು ಲೋಟದ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹಿಸುಕಿ ನೋಡಿದರು. ಉಂಡೆ ಕಟ್ಟಿತು. “ಇಳಿಸ್ರೋ” ಅಂದರು, ಅಷ್ಟೇ. ಆ ಹೊತ್ತಿಗೆ ಪಾಕದ ಬಿಸಿ ಸುಮಾರು 118 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆರಳಿಗೆ ಅದು ಗೊತ್ತು, ನಂಬರು ಗೊತ್ತಿಲ್ಲ.

ಆಲೆಮನೆಯವರು ಮಾತಿನ ಮಧ್ಯೆ, ಒಂದು ಟನ್ ಕಬ್ಬಿಗೆ ಹೆಚ್ಚು ಕಮ್ಮಿ ನೂರು ಕೆಜಿ ಬೆಲ್ಲ ಬರುತ್ತದೆ ಅಂದರು. ನಾನು ಏನೂ ಹೇಳಲಿಲ್ಲ. ವಾಪಸ್ ಬರುವಾಗ ದಾರಿಯಲ್ಲಿ ಒಬ್ಬ ಹುಡುಗ ನಿಂತುಬಿಟ್ಟ. “ಮಿಸ್, ಸಾವಿರದಲ್ಲಿ ನೂರು ಬಂದ್ರೆ ಒಂಬೈನೂರು ಎಲ್ಲಿ ಹೋಯ್ತು? ಯಾರು ತಗೊಂಡ್ರು?” ಇವನು ಕಳೆಯುವ ಲೆಕ್ಕ ಅಂದರೆ ಹೊಟ್ಟೆನೋವು ಅನ್ನುವ ಹುಡುಗ. ಸಾವಿರದಿಂದ ನೂರು ಕಳೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಚೀಟಿ ಹಗ್ಗಕ್ಕೆ ಹೋಯಿತು.

ಉತ್ತರ ಹೇಳಿದ್ದು ನಮ್ಮ ತಾತಂದಿರಲ್ಲಿ ಒಬ್ಬರು. ವರ್ಷಗಟ್ಟಲೆ ಕೊಪ್ಪರಿಗೆ ಮುಂದೆ ನಿಂತವರು. ತರಗತಿಗೆ ಬಂದು ಬೋರ್ಡಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಲೆಕ್ಕ ಹೇಳಿದರು. ಸಾವಿರ ಕೆಜಿ ಕಬ್ಬು ಹಿಂಡಿದರೆ ಆರುನೂರು, ಆರುನೂರೈವತ್ತು ಕೆಜಿ ಹಾಲು. ಉಳಿದದ್ದು ಹಸಿ ಸಿಪ್ಪೆ. ಹಾಲಿನಲ್ಲಿ ಬೆಲ್ಲ ನೂರು. ಸ್ವಲ್ಪ ಮಡ್ಡಿ. ಮಿಕ್ಕಿದ್ದೆಲ್ಲ ಆವಿ. “ಕಬ್ಬು ಅಂದ್ರೆ ನೀರೇ ಕಣ್ರಪ್ಪಾ. ಕೆಆರ್‌ಎಸ್‌ನಿಂದ ಕಾಲುವೆಯಲ್ಲಿ ಬಂದ ನೀರು ಕೊಪ್ಪರಿಗೇಲಿ ಆವಿಯಾಗಿ ಮೇಲಕ್ಕೆ ಹೋಗುತ್ತೆ” ಅಂದರು. ಜಲಚಕ್ರದ ಪಾಠ ನಾನು ಚಿತ್ರ ಬರೆದು ಮಾಡಬೇಕು ಅಂದುಕೊಂಡಿದ್ದೆ. ಅವರು ಒಂದು ಮಾತಲ್ಲಿ ಮುಗಿಸಿದರು.

ಆ ಆಲೆಮನೆಯಿಂದ ತಂದ ಬೆಲ್ಲವನ್ನೇ ಯುಗಾದಿಗೆ ಮುಂಚೆ ತರಗತಿಯಲ್ಲಿ ಬೇವಿನ ಹೂವಿನ ಜೊತೆ ಹಂಚಿಕೊಂಡೆವು. ಬಣ್ಣ ಕಪ್ಪಗಿತ್ತು. ಅಂಗಡಿಯ ಬೆಲ್ಲ ಹಳದಿ, ನಮ್ಮದು ಯಾಕೆ ಕಪ್ಪು ಅಂತ ಕೇಳಿದರು. ಬಣ್ಣ ಬರಲಿ ಅಂತ ಕೆಲವು ಕಡೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅನ್ನುವುದು ನಿಮಗೆ ಗೊತ್ತಿರುವ ವಿಷಯವೇ. ಬೆಲ್ಲ ಮಾಡುವ ಊರಿನವರು ಹಳದಿ ಬೆಲ್ಲ ಕೊಂಡು ತಿನ್ನುವುದನ್ನು ನಿಲ್ಲಿಸಬೇಕು ಅಂತ ನನಗಂತೂ ಅನ್ನಿಸುತ್ತದೆ. ಇದು ಪಾಠದ ಹೊರಗಿನ ಮಾತು, ಬಿಡಿ.

ಸಂತೆಗೂ ಹೋಗಿದ್ದೆವು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಾಲು ಕೆಜಿ ಅಂದರೆ 250 ಗ್ರಾಂ, ಐವತ್ತು ರೂಪಾಯಿಗೆ ಚಿಲ್ಲರೆ ಎಷ್ಟು, ಇಂಥವೇ. ಆದರೆ ಹೂವಿನ ಹತ್ತಿರ ಒಂದು ತಮಾಷೆ ಆಯಿತು. ಹೂವಿನ ಅಕ್ಕ ಮೊಳ ಹಾಕಿ ಸೇವಂತಿಗೆ ಕೊಡುತ್ತಿದ್ದರು, ಮೊಳಕೈಯಿಂದ ಬೆರಳ ತುದಿಯವರೆಗೆ. ಒಬ್ಬಳು ಹುಡುಗಿ ಕಿವಿಯಲ್ಲಿ ಕೇಳಿದಳು: “ಮಿಸ್, ಕೈ ಉದ್ದ ಇರೋರ ಹತ್ರ ತಗೊಂಡ್ರೆ ನಮಗೆ ಲಾಭ ಅಲ್ವಾ?” ಅಳತೆಗೆ ಎಲ್ಲರೂ ಒಪ್ಪುವ ಮಾಪು ಯಾಕೆ ಬೇಕು ಅನ್ನುವ ಇಡೀ ಅಧ್ಯಾಯ ಆ ಒಂದು ಮಾತಲ್ಲಿತ್ತು. ಆಮೇಲೆ ತರಗತಿಯಲ್ಲಿ ಎಲ್ಲರ ಮೊಳವನ್ನೂ ಅಳೆದೆವು. ಬಿಸಿಯೂಟದ ಅಕ್ಕಂದಿರನ್ನೂ ಬಿಡಲಿಲ್ಲ.

ಇನ್ನು ಕೊಕ್ಕರೆ ಬೆಳ್ಳೂರು. ನಮ್ಮದೇ ಜಿಲ್ಲೆ, ಮದ್ದೂರು ತಾಲ್ಲೂಕು, ಶಿಂಷಾ ನದಿಯ ಹತ್ತಿರ. ಬಸ್ಸಿನ ಖರ್ಚಿಗೆ ನೀವೇ ದುಡ್ಡು ಹಾಕಿದ್ದೀರಿ. ಆ ದುಡ್ಡಿನಲ್ಲಿ ನೀರಾಟದ ಪಾರ್ಕಿಗೆ ಹೋಗಬಹುದಿತ್ತು ಅಂತ ಒಬ್ಬರು ಬೇಜಾರು ಮಾಡಿಕೊಂಡಿದ್ದರು. ಅಲ್ಲಿಗೆ ನೀವು ಮನೆಯವರ ಜೊತೆ ಹೋಗಿ, ಚೆನ್ನಾಗಿರುತ್ತೆ. ಶಾಲೆಯಿಂದ ಹೋಗಬೇಕಾದದ್ದು ಇಂಥ ಕಡೆಗೆ.

ಡಿಸೆಂಬರ್ ಹೊತ್ತಿಗೆ ಹಕ್ಕಿಗಳು ಬರುತ್ತವೆ, ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಡುತ್ತವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಅಂದರೆ ಪೆಲಿಕನ್. ಊರ ನಡುವೆಯೇ, ಮನೆಗಳ ಪಕ್ಕದ ಹುಣಸೆ ಮರಗಳಲ್ಲಿ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಬೇಲಿ ಇಲ್ಲ, ಟಿಕೆಟ್ ಕೊಂಡು ನೋಡುವ ಪಂಜರ ಇಲ್ಲ. ಮಾರ್ಚ್ ಅಂದರೆ ಮರಿಗಳ ಕಾಲ. ಮರದ ಕೆಳಗೆ ನಿಂತರೆ ಮೊದಲು ಗೊತ್ತಾಗುವುದು ವಾಸನೆ. ಮೀನಿನ ವಾಸನೆ, ಹಿಕ್ಕೆಯ ವಾಸನೆ. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಆ ಊರಿನ ಒಬ್ಬ ಅಜ್ಜಿ, “ನಮ್ಮ ಹೆಣ್ಮಕ್ಕಳು ಬಾಣಂತನಕ್ಕೆ ತವರಿಗೆ ಬಂದವ್ರೆ, ವಾಸನೆ ಅಂದ್ರಾಯ್ತದಾ?” ಅಂದರು. ಬೆಳ್ಳೂರಿನವರು ತಲೆತಲಾಂತರದಿಂದ ಹಕ್ಕಿಗಳನ್ನು ಹಾಗೇ ಕಾಣುತ್ತಾ ಬಂದಿದ್ದಾರೆ. ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳ ಅವರು ಇಲ್ಲಿನ ಗೂಡುಗಳನ್ನು ಹೊರಗಿನವರ ಗಮನಕ್ಕೆ ತಂದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಮರದಿಂದ ಬಿದ್ದ ಮರಿಗಳನ್ನು ಸಾಕುವುದಕ್ಕೆ ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡರು.

ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಅಲ್ಲಿ ಆದ ಒಂದು ಗಳಿಗೆಯ ಬಗ್ಗೆ. ಹೆಜ್ಜಾರ್ಲೆಯ ಒಂದು ಗೂಡು ಸ್ವಲ್ಪ ಕೆಳಗಿನ ಕೊಂಬೆಯಲ್ಲಿತ್ತು. ದೊಡ್ಡ ಹಕ್ಕಿ ಹಾರಿ ಬಂದು ಇಳಿಯಿತು. ಕೊಕ್ಕಿನ ಕೆಳಗೆ ಚೀಲ ಜೋತಾಡುತ್ತಿತ್ತು. ಮರಿ ರೆಕ್ಕೆ ಬಡಿಯುತ್ತಾ, ಅರಚುತ್ತಾ ಹತ್ತಿರ ಬಂತು. ಹಕ್ಕಿ ಬಾಯಿ ತೆರೆಯಿತು. ಮರಿಯ ತಲೆ ಒಳಗೆ ಹೋಯಿತು, ಕತ್ತು ಒಳಗೆ ಹೋಯಿತು. ನಮ್ಮ ಹುಡುಗನೊಬ್ಬ ಕಿರುಚಿದ: “ಮಿಸ್, ಅಮ್ಮ ಮರೀನ ನುಂಗ್ತಾ ಇದೆ!” ಇಬ್ಬರು ಹುಡುಗಿಯರು ಅಳುವುದಕ್ಕೇ ಶುರು ಮಾಡಿದರು.

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಜೊತೆಗೆ ಬಂದಿದ್ದ ಒಬ್ಬ ಅಮ್ಮ ಹೇಳುವುದಕ್ಕೆ ಬಾಯಿ ತೆರೆದರು, ಸುಮ್ನಿರಿ ಅಂತ ಸನ್ನೆ ಮಾಡಿದೆ. ಯಾರೂ ಮಾತಾಡಲಿಲ್ಲ. ಮರಿಯ ಮೈಯೆಲ್ಲ ಅಲ್ಲಾಡುತ್ತಿತ್ತು, ಒದ್ದಾಡುವ ಹಾಗೆ. ಸ್ವಲ್ಪ ಹೊತ್ತಿಗೆ ಕತ್ತು ಹೊರಗೆ ಬಂತು, ತಲೆ ಬಂತು. ಮರಿ ಏನೋ ನುಂಗುತ್ತಿತ್ತು. ಆಗ ಆ ಹುಡುಗನೇ ನಿಧಾನಕ್ಕೆ ಅಂದ: “ಅದು ನುಂಗಿದ್ದಲ್ಲ. ಅದರ ಹೊಟ್ಟೆಯಿಂದ ಇದು ತಗೊಂಡಿದ್ದು.” ಮೊದಲೇ ನಾನು “ತಾಯಿ ಹಕ್ಕಿ ಮೀನು ಉಣಿಸುತ್ತಿದೆ” ಅಂದಿದ್ದರೆ ಎಲ್ಲರೂ ಹೂಂ ಅಂದು ಚಿಪ್ಸ್ ಪ್ಯಾಕೆಟ್ ಬಿಚ್ಚುತ್ತಿದ್ದರು. ಇದೇ ಹುಡುಗ ಮಾರನೆಯ ದಿನ ಈ ಬಗ್ಗೆ ಒಂದು ಪುಟ ಬರೆದ. ಜೂನ್‌ನಲ್ಲಿ ಇವನು ಮೂರು ವಾಕ್ಯಕ್ಕೆ ಪೆನ್ಸಿಲ್ ಕೆಳಗಿಡುತ್ತಿದ್ದ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ‘ಕೊಕ್ಕರೆ’ಯಲ್ಲೇ ಒಂದು ಒತ್ತು ಹಾರಿಹೋಗಿದೆ. ನಾನು ಕೆಂಪು ಗೆರೆ ಎಳೆದಿಲ್ಲ. ಪುಟ ಅಲ್ಲಿ ಗೋಡೆ ಮೇಲಿದೆ, ಹೋಗುವಾಗ ಓದಿ.

ಅಲ್ಲಿಂದ ಬಂದ ಮೇಲೆ ಹಗ್ಗಕ್ಕೆ ಒಂದು ಚೀಟಿ ಬಂತು: “ಮರ ಯಾರದು? ಹಕ್ಕಿಯದಾ, ಮನೆಯವರದಾ?” ಗೂಡಿರುವಾಗ ಮರ ಹತ್ತಿ ಹುಣಸೆ ಬಡಿಯುವುದಕ್ಕಾಗುವುದಿಲ್ಲ, ಮನೆಯವರಿಗೆ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಇಷ್ಟು ಅಂತ ಪರಿಹಾರ ಕೊಡುತ್ತಾ ಬಂದಿದೆ. ಇದನ್ನು ಕೇಳಿ ತರಗತಿ ಎರಡು ಭಾಗವಾಯಿತು. ನೆಟ್ಟವರದ್ದೇ ಮರ ಅಂತ ಕೆಲವರು. ಹಕ್ಕಿಗೆ ಬೇರೆ ಮನೆ ಎಲ್ಲಿದೆ ಅಂತ ಕೆಲವರು. ಇನ್ನೂ ತೀರ್ಮಾನ ಆಗಿಲ್ಲ. ಚೀಟಿ ಹಗ್ಗದಲ್ಲೇ ಇದೆ.

ಮನೆಗೆ ಬಂದ ಪೋಸ್ಟ್ ಕಾರ್ಡ್ ನೋಡಿದ್ದೀರಿ. 50 ಪೈಸೆ ಕಾರ್ಡು. ಅಂಚೆ ಕಚೇರಿಗೆ ಹೋಗಿ ತಾವೇ ಕೊಂಡು, ತಾವೇ ವಿಳಾಸ ಬರೆದು, ಕೆಂಪು ಡಬ್ಬಿಗೆ ಹಾಕಿದ್ದು. ಒಬ್ಬ ಬರೆದಿದ್ದ ವಿಳಾಸ: “ಅಪ್ಪ, ನಮ್ಮ ಮನೆ, ಹೊಂಗೆ ಮರದ ಹತ್ತಿರ.” ಅಂಚೆಯವರು ನಗಲಿಲ್ಲ, ಕೂರಿಸಿಕೊಂಡು ಪಿನ್‌ಕೋಡ್ ವಿಷಯ ಹೇಳಿದರು. 1972ರಲ್ಲಿ ಶುರುವಾಗಿದ್ದು. ಆರು ಅಂಕಿ. ಮೊದಲ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮಂಡ್ಯಕ್ಕೆ 571401. ಮೂರಂಕಿ ಸಂಖ್ಯೆ ಮಾತ್ರ ಓದುತ್ತಿದ್ದ ಮಕ್ಕಳು ಈಗ ಆರಂಕಿ ಕಂಡರೆ ಹೆದರುವುದಿಲ್ಲ. ಕಾರ್ಡಿಗೆ ಉತ್ತರ ಬರೆದವರು ಕೆಲವೇ ಮಂದಿ. ಉಳಿದವರ ಮಕ್ಕಳು ದಿನಾ ಕೇಳುತ್ತಿದ್ದಾರೆ. ಓದು ಬರಹ ಬಾರದವರು ಒಂದು ಚಿತ್ರ ಬರೆದು ಹಾಕಿ, ಅದೂ ಕಾಗದವೇ.

ಕಡೆಗೆ ಬರುವ ವರ್ಷದ ಚಿಂತೆ. ನಮ್ಮ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಬೆಳೆದವರು. ಅದು ಶುರುವಾಗಿದ್ದು ಇಲ್ಲೇ ಹತ್ತಿರ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಕೆಲಸ ನೋಡಿ ಬಂದ ನಮ್ಮಂಥ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ ಕಟ್ಟಿದ್ದು. ಕಾರ್ಡು, ಕಲಿಕೆಯ ಏಣಿ, ಗುಂಪು, ಯಾರ ವೇಗ ಅವರಿಗೆ. ನಾಲ್ಕಕ್ಕೆ ಹೋದರೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ, ಒಂದೇ ದಿನ. ಕೆಲವರಿಗೆ ಕಷ್ಟ ಆಗುತ್ತದೆ, ಮುಚ್ಚಿಡುವುದಿಲ್ಲ. ಓದುವುದರಲ್ಲಿ ಹೆಚ್ಚಿನವರು ಗಟ್ಟಿ ಇದ್ದಾರೆ. ಮಗ್ಗಿ 6ರ ಮೇಲೆ ಅನೇಕರಿಗೆ ತಡವರಿಕೆ ಇದೆ. ಭಾಗಾಕಾರ ಇನ್ನೂ ಕೈಗೆ ಹತ್ತಿಲ್ಲ. ಬೇಸಿಗೆಯಲ್ಲಿ ಟ್ಯೂಷನ್‌ಗೆ ಓಡಿಸಬೇಡಿ. ಮಾವಿನಕಾಯಿ ಹಂಚುವಾಗ, ಮೊಟ್ಟೆ ಎಣಿಸುವಾಗ, ಕೂಲಿ ಲೆಕ್ಕ ಹಾಕುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಲೆಕ್ಕ ಅವರ ಬಾಯಿಂದಲೇ ಬರಲಿ. ತಪ್ಪಿದರೆ ಬೈಯಬೇಡಿ, ಇನ್ನೊಂದು ಸಲ ಎಣಿಸು ಅನ್ನಿ.

ಎರಡು ಕೆಲಸ ರಜೆಗೆ ಕೊಡುತ್ತಿದ್ದೇನೆ, ಮಕ್ಕಳಿಗಲ್ಲ, ನಿಮಗೆ. ಹಗ್ಗದಿಂದ ಒಂದು ಚೀಟಿ ತೆಗೆದು ಎಲ್ಲರಿಗೂ ಬರೆದು ಕೊಟ್ಟಿದ್ದೇನೆ: “ಯುಗಾದಿ ಯಾಕೆ ವರ್ಷ ವರ್ಷ ಬೇರೆ ತಾರೀಖಿಗೆ ಬರುತ್ತೆ?” ಮನೆಯಲ್ಲಿ ಪಂಚಾಂಗ ಓದುವ ಹಿರಿಯರಿದ್ದರೆ ಅವರ ಹತ್ತಿರ ಕಳಿಸಿ. ಚಂದ್ರನ ಹನ್ನೆರಡು ತಿಂಗಳು ಸೇರಿದರೆ 354 ದಿನ ಅನ್ನುವಷ್ಟು ಮಾತ್ರ ಮಗುವಿಗೆ ಹೇಳಿ. ಕಳೆಯುವ ಲೆಕ್ಕ ಅದೇ ಮಾಡಲಿ. ಅಧಿಕ ಮಾಸದ ತನಕ ಅದೇ ಬರುತ್ತದೆ, ಸ್ವಲ್ಪ ಕಾಯಿರಿ.

ಎರಡನೆಯದು ಕೋಲು. ಏಪ್ರಿಲ್ 23ರ ಆಸುಪಾಸಿನಲ್ಲಿ ನಮ್ಮ ಕಡೆ ಸೂರ್ಯ ನಿಜಕ್ಕೂ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ. ಶಾಲೆಗೆ ರಜೆ ಇರುವುದರಿಂದ ಇದನ್ನು ನಾನು ತೋರಿಸುವುದಕ್ಕಾಗುವುದಿಲ್ಲ. ಕೋಲಾದರೂ ಆಯಿತು, ನೆಟ್ಟಗೆ ನಿಲ್ಲಿಸಿದ ನೀರಿನ ಬಾಟಲಿಯಾದರೂ ಆಯಿತು. ಮಕ್ಕಳಿಗೆ ಮೊದಲೇ ಹೇಳಬೇಡಿ. ಅಳೆಯೋದಕ್ಕೆ ಸ್ಕೇಲು ಕೊಟ್ಟು ಕರೆದುಕೊಂಡು ಹೋಗಿ ಅಷ್ಟೇ. ತಾತ, ನೀವು ಹೊಲದಲ್ಲೇ ಕೂರಿಸ್ತೀನಿ ಅಂದಿರಲ್ಲ, ಆ ದಿನ ಕೂರಿಸಿ. ತಲೆಗೆ ಟವೆಲ್ ಇರಲಿ.

ಈಗ ಪ್ರಗತಿ ಪತ್ರ. ಹೆಸರು ಕರೆದ ಹಾಗೆ ಮಗುವಿನ ಜೊತೆಗೇ ಬನ್ನಿ. ಸಹಿಗೆ ಪೆನ್ನು ಇಲ್ಲಿದೆ, ಹೆಬ್ಬೆಟ್ಟಿಗೆ ಪ್ಯಾಡೂ ಇದೆ.